ನನ್ನ ಚಿತ್ರ ನೋಡಿದ್ರೆ ಬೇರೆಯವ್ರದ್ದು ಅನ್ಸತ್ತೆ, ಸ್ವಂತ ಸ್ಟೈಲ್ ಅನ್ನೋದು ಬರೋದು ಹೇಗೆ?

ಅರೆಬರೆ_ಗೀಚು:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಬೈಕೋಬೇಡಿ.

ನಾನು ಶಿವಮೊಗ್ಗ ಕಡೆಯವನು, ಈಗ ಬೆಂಗ್ಳೂರಲ್ಲಿ ಕೆಲಸ, ಕೆಲಸಕ್ಕೂ ಚಿತ್ರಕ್ಕೂ ಏನೂ ಸಂಬಂಧ ಇಲ್ಲ. ಚಿತ್ರ ಬಿಡ್ಸೋದನ್ನ ಎಲ್ಲೂ ಹೋಗಿ ಕಲ್ತಿಲ್ಲ, ನಾಲ್ಕು ವರ್ಷದಿಂದ ರಾತ್ರಿ ಊಟ ಆದ್ಮೇಲೆ ಐಪ್ಯಾಡ್ ಹಿಡ್ಕೊಂಡು ಕೂರ್ತೀನಿ, ಇನ್‌ಸ್ಟಾದಲ್ಲಿ ಇಷ್ಟ ಆದ ಆರ್ಟಿಸ್ಟ್‌ಗಳ ಚಿತ್ರ ಪಕ್ಕದಲ್ಲಿಟ್ಕೊಂಡು ಅದೇ ಬ್ರಷ್ಷು, ಅದೇ ಬಣ್ಣ ಹುಡುಕಿ ಹುಡುಕಿ ಬಿಡಿಸ್ತೀನಿ. ಅದ್ರಲ್ಲೂ ಹೊರದೇಶದವ್ರು ಒಬ್ರಿದಾರೆ, ಹೆಸ್ರು ಬೇಡ, ಮಳೆ, ಕಿಟಕಿ, ಒಬ್ಬಂಟಿ ಹುಡುಗಿ ಈ ಥರದ್ದು ಬಿಡಿಸ್ತಾರೆ, ಅವ್ರ ಹುಚ್ಚು ನಂಗೆ.

ಈ ಸಲ ಜನವರಿ ಚಿತ್ರಸಂತೇಲಿ ಫ್ರೆಂಡ್ ಒಬ್ಬನ ಸ್ಟಾಲಿನ ಮೂಲೇಲಿ ನಂದೂ ಹನ್ನೆರಡು ಪ್ರಿಂಟ್ ಇಟ್ಟಿದ್ದೆ. ಕುಮಾರಕೃಪಾ ರಸ್ತೇಲಿ ಆ ಜನ ಗೊತ್ತಲ್ಲ, ಮಧ್ಯಾಹ್ನದ ಹೊತ್ತಿಗೆ ಕಾಲಿಡಕ್ಕೆ ಜಾಗ ಇಲ್ಲ. ಒಬ್ರು ಅಕ್ಕ ಬಂದು ಒಂದು ಪ್ರಿಂಟ್ ಎತ್ಕೊಂಡು ತುಂಬಾ ಹೊತ್ತು ನೋಡಿದ್ರು, ನಾನು ಒಳಗೊಳಗೇ ಉಬ್ಬಿಹೋಗ್ತಿದ್ದೆ, ಆಮೇಲೆ ಅವ್ರು ಬ್ಯಾಗಿಂದ ಫೋನ್ ತೆಗೆದು ಅದೇ ಆರ್ಟಿಸ್ಟ್ ಅಕೌಂಟ್ ತೋರ್ಸಿ "ಇದು ಇವ್ರದ್ದೇ ಅಲ್ವಾ, ನೀವು ಇಲ್ಲಿ ಅವ್ರ ಪರವಾಗಿ ಮಾರ್ತಿದ್ದೀರಾ?" ಅಂದ್ರು. ಕುಹಕ ಅಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳಿದ್ರು, ಅದಕ್ಕೇ ಜಾಸ್ತಿ ಚುಚ್ಚಿದ್ದು. ಇಲ್ಲ ನಂದೇ ಅಂದೆ. "ಓ ಹೌದಾ" ಅಂದು ಪಾಪ ಎರಡು ಪೋಸ್ಟ್‌ಕಾರ್ಡ್ ತಗೊಂಡ್ ಹೋದ್ರು.

ಅವತ್ತಿಂದ ಏನ್ ಬಿಡಿಸಕ್ಕೆ ಹೋದ್ರೂ ಕೈ ನಿಲ್ಲತ್ತೆ. ಈ ಗೆರೆ ಯಾರದ್ದು, ಈ ಬಣ್ಣ ಯಾರದ್ದು ಅಂತ. ಒಂದು ವಾರ ಯಾರ ಚಿತ್ರಾನೂ ನೋಡ್ಬಾರ್ದು ಅಂತ ಇನ್‌ಸ್ಟಾ ತೆಗೆದುಹಾಕ್ದೆ, ಆಗ ಬಿಡಿಸೋಕೆ ಏನೂ ತೋಚ್ಲೇ ಇಲ್ಲ, ಅದು ಇನ್ನೂ ಹೆದರಿಕೆ ಆಯ್ತು. ಸ್ವಂತ ಸ್ಟೈಲ್ ಅಂತ ನಿಮಗೆಲ್ಲ ಹೇಗೆ ಬಂತು, ಅಥವಾ ಕೆಲವ್ರಿಗೆ ಬರೋದೇ ಇಲ್ವಾ? ಕಾಪಿ ಮಾಡೋದನ್ನ ಪೂರ್ತಿ ಬಿಡ್ಬೇಕಾ?

---

ಅಳಿಯ_ದುರ್ಗ:

ಬಿಡಬೇಡಿ ಬ್ರೋ. ಏನನ್ನ ನೋಡಿ ಕಾಪಿ ಮಾಡ್ತಿದ್ದೀರಿ ಅನ್ನೋದನ್ನ ಬದಲಾಯಿಸಿ ಅಂತೀನಿ ನಾನು. ನಂಗೆ ಚಿತ್ರ ಬರಲ್ಲ, ಆದ್ರೆ ನಮ್ ಸೋದರಮಾವ ಬೋರ್ಡ್ ಬರೀತಿದ್ರು, ಚಿತ್ರದುರ್ಗದ ಹತ್ರ ಹೈವೇ ಪಕ್ಕ ಅವ್ರ ಅಂಗಡಿ, ಬೇಸಿಗೆ ರಜೇಲಿ ನಾನು ಅಲ್ಲೇ ಬಿದ್ದಿರ್ತಿದ್ದೆ, ಎನಾಮಲ್ ಡಬ್ಬಿ ಮುಚ್ಚಳ ತೆಗೆಯೋದು, ಸೀಮೆಎಣ್ಣೇಲಿ ಬ್ರಷ್ ತೊಳೆಯೋದು ನನ್ನ ಕೆಲಸ.

ಗಿರಾಕಿಗಳು ಸುಮ್ನೆ ಬರ್ತಿರ್ಲಿಲ್ಲ, ಯಾವ್ದೋ ಸೋಪಿನ ಡಬ್ಬಿನೋ ಇಂಗ್ಲಿಷ್ ಪೇಪರಿನ ಅಡ್ವಟೈಸ್‌ಮೆಂಟೋ ಹರ್ಕೊಂಡು ಬಂದು "ಅಣ್ಣ, ಸೇಮ್ ಇದೇ ಅಕ್ಷರ, ಆದ್ರೆ ಕನ್ನಡದಲ್ಲಿ" ಅನ್ನೋರು. ಈಗ ನೀವೇ ಯೋಚ್ನೆ ಮಾಡಿ, ಆ ಇಂಗ್ಲಿಷ್ ಅಕ್ಷರದಲ್ಲಿ ತಲೆಕಟ್ಟು ಎಲ್ಲಿದೆ? ಕೊಂಬು ಎಲ್ಲಿದೆ? "ಲಕ್ಷ್ಮಿ ಪ್ರಾವಿಷನ್ ಸ್ಟೋರ್ಸ್" ಅಂತ ಬರೀಬೇಕು ಅಂದ್ರೆ ಕ-ಗೆ ಷ ಒತ್ತು, ಅದರ ಬೆನ್ನಿಗೆ ಮ ಒತ್ತು, ಮೇಲೆ ಗುಡಿಸು, ಆಮೇಲೆ ಸ್ಟೋರ್ಸ್‌ಗೆ ಅರ್ಕಾವತ್ತು ಬೇರೆ. ಸೋಪಿನ ಡಬ್ಬಿ ನೋಡಿ ಕಾಪಿ ಹೊಡಿಯೋಣ ಅಂದ್ರೆ ಇವು ಯಾವ್ದೂ ಅದ್ರಲ್ಲಿ ಇಲ್ಲ! ಅಲ್ಲಿ ಮಾವನೇ ಏನಾದ್ರೂ ಮಾಡ್ಬೇಕಿತ್ತು.

ಅವ್ರು ಏನ್ ಮಾಡ್ತಿದ್ರು ಅಂದ್ರೆ ಒತ್ತಕ್ಷರಾನ ಕೆಳಗೆ ಇಳಿಸ್ತಿರ್ಲಿಲ್ಲ, ಬಲಗಡೆಗೆ ಎಳೆದು ಚಿಕ್ಕದಾಗಿ ಮಡಚಿ ಮುಂದಿನ ಅಕ್ಷರದ ಹೊಟ್ಟೆ ಕೆಳಗೆ ತೂರಿಸೋರು, ಯಾಕಂದ್ರೆ ಬೋರ್ಡ್ ಕೆಳಭಾಗದಲ್ಲಿ "ಪ್ರೊ:" ಅಂತ ಓನರ್ ಹೆಸ್ರು, ಫೋನ್ ನಂಬರ್ ಬರ್ಬೇಕಲ್ಲ, ಜಾಗ ಎಲ್ಲಿದೆ. ಅರ್ಕಾವತ್ತಿನ ಬಾಲ ಮಾತ್ರ ಉದ್ದಕ್ಕೆ ಎಳೆದು ಕೊನೇಲಿ ಒಂದು ಚುಕ್ಕಿ. ಅದು ಸ್ಟೈಲ್ ಅಂತ ಅವ್ರಿಗೆ ಯಾವತ್ತೂ ಗೊತ್ತಿರ್ಲಿಲ್ಲ, ಕೇಳಿದ್ರೆ "ಜಾಗ ಸಾಲ್ಲಿಲ್ಲ ಕಣೋ" ಅನ್ನೋರು. ಆದ್ರೆ ದುರ್ಗದಿಂದ ಹಿರಿಯೂರಿಗೆ ಬಸ್ಸಲ್ಲಿ ಹೋಗ್ತಾ ನಾನು ಲಾರಿ ಹಿಂದಿನ ಅಕ್ಷರ ನೋಡಿ ಇದು ಮಾವನ ಕೈ ಅಂತ ದೂರದಿಂದ್ಲೇ ಹೇಳ್ತಿದ್ದೆ, ಒಂದ್ಸಲಾನೂ ತಪ್ಪಿಲ್ಲ.

ಫ್ಲೆಕ್ಸ್ ಬಂತು, ಅಂಗಡಿ ಹೋಯ್ತು, ಅದು ಬೇರೆ ಕಥೆ.

ನೀವು ಐಪ್ಯಾಡಲ್ಲಿ ಮಾಡಿದ ಚಿತ್ರ ನೋಡ್ಕೊಂಡು ಐಪ್ಯಾಡಲ್ಲೇ, ಅದೇ ಬ್ರಷ್ಷಲ್ಲಿ ಮಾಡಿದ್ರೆ ನೀವು ತುಂಬೋಕೆ ಎಲ್ಲೂ ಸಂದು ಇಲ್ವಲ್ಲ.

---

ಡ್ರಾಯಿಂಗ್_ಮೇಡಂ:

@ಅಳಿಯ_ದುರ್ಗ ಅರ್ಕಾವತ್ತಿನ ಬಾಲದ ಕೊನೇಲಿ ಚುಕ್ಕಿ!! ಆ ಥರದ ಬೋರ್ಡ್ ನಾನೂ ನೋಡಿದೀನಿ. ಫೋಟೋ ಇದ್ರೆ ಹಾಕಿ ದಯವಿಟ್ಟು.

ನಾನು ಹೈಸ್ಕೂಲಲ್ಲಿ ಡ್ರಾಯಿಂಗ್ ಟೀಚರ್, ಹದಿನೇಳು ವರ್ಷ ಆಯ್ತು. ನಕಲು ಮಾಡ್ಬೇಡಿ ಅಂತ ಮಕ್ಕಳಿಗೆ ಯಾವತ್ತೂ ಹೇಳಲ್ಲ, ಹಾಗೆ ಹೇಳಿದ ದಿನ ಇಡೀ ಕ್ಲಾಸು ಎರಡು ಬೆಟ್ಟ, ಮಧ್ಯೆ ಸೂರ್ಯ, ಒಂದು ತೆಂಗಿನಮರ ಬಿಡಿಸತ್ತೆ, ಮೂವತ್ತೆಂಟು ಮಕ್ಕಳದ್ದೂ ಒಂದೇ ಥರ. ನೀವು ಇನ್‌ಸ್ಟಾ ತೆಗೆದ ವಾರ ಏನೂ ತೋಚ್ಲಿಲ್ಲ ಅಂದ್ರಲ್ಲ, ಅದೇ ಇದು.

ವ್ಯಾನ್ ಗೋ ಹೆಸ್ರು ಹೇಳಿದ್ರೆ ಎಲ್ರೂ ಎಷ್ಟು ಒರಿಜಿನಲ್ ಅಂತಾರಲ್ಲ, ಆತ 1887ರಲ್ಲಿ ಪ್ಯಾರಿಸ್‌ನಲ್ಲಿ ಕೂತು ಜಪಾನಿನ ಹಿರೋಶಿಗೆಯ ಮುದ್ರಣಚಿತ್ರಗಳನ್ನ ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಅಂದಾಜಿಗಲ್ಲ, ಟ್ರೇಸಿಂಗ್ ಪೇಪರ್ ಮೇಲೆ ಚೌಕ ಚೌಕ ಗೀಟು ಹಾಕ್ಕೊಂಡು, ನಮ್ಮ ಸ್ಕೂಲಲ್ಲಿ ಮಕ್ಕಳು ಗಾಂಧೀಜಿ ಚಿತ್ರ ದೊಡ್ಡದು ಮಾಡ್ತಾರಲ್ಲ ಹಾಗೆ. ಮಳೇಲಿ ಸೇತುವೆ ದಾಟ್ತಿರೋ ಜನ ಒಂದು, ಪ್ಲಮ್ ಮರ ಒಂದು. ಆದ್ರೆ ಮೂಲಚಿತ್ರದ ಅಳತೆ ಅವನ ಕ್ಯಾನ್ವಾಸಿಗೆ ಹೊಂದ್ಲಿಲ್ಲ, ಸುತ್ತ ಜಾಗ ಉಳೀತು, ಆ ಅಂಚಿಗೆ ಬೇರೆ ಮುದ್ರಣಗಳಿಂದ ಜಪಾನಿ ಅಕ್ಷರ ಎತ್ಕೊಂಡು ಬಂದು ತುಂಬಿಸಿದ. ಅವನಿಗೆ ಒಂದಕ್ಷರ ಓದೋಕೆ ಬರ್ತಿರ್ಲಿಲ್ಲ! ಮರದ ಅಚ್ಚಿಂದ ಬಂದ ಚಪ್ಪಟೆ ಬಣ್ಣಾನ ಎಣ್ಣೆಬಣ್ಣದಲ್ಲಿ ಮಾಡೋಕೆ ಹೋದ್ರೆ ಬ್ರಷ್ಷಿನ ಗುರುತು ಎದ್ದು ನಿಲ್ಲತ್ತೆ, ನಿಂತಿದೆ, ಅದನ್ನ ಮುಚ್ಚೋಕೂ ಹೋಗಿಲ್ಲ ಪುಣ್ಯಾತ್ಮ.

ಆಮೇಲೆ 1889ರಲ್ಲಿ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೇಲಿ ಇದ್ದಾಗ ಹೊರಗೆ ಹೋಗಿ ಬರೆಯೋದು ಕಷ್ಟ, ಮಾಡೆಲ್ ಸಿಗಲ್ಲ, ಆಗ ಮಿಲೆ ಅನ್ನೋ ಹಿರಿಯ ಕಲಾವಿದನ ಚಿತ್ರಗಳನ್ನ ಹಿಡ್ಕೊಂಡ. ಕೊಯ್ಲು, ಕುರಿ ತುಪ್ಪಟ ಕತ್ತರಿಸೋದು, ಮಧ್ಯಾಹ್ನ ಹುಲ್ಲಿನ ಬಣವೆ ನೆರಳಲ್ಲಿ ಮಲ್ಕೊಂಡಿರೋ ಗಂಡ ಹೆಂಡತಿ, ಹೀಗೆ ಸುಮಾರು ಇಪ್ಪತ್ತು ಮಾಡಿದ. ಅವನ ಹತ್ರ ಇದ್ದಿದ್ದು ಕಪ್ಪು ಬಿಳುಪಿನ ಪ್ರಿಂಟ್ ಮಾತ್ರ, ಬಣ್ಣ ಇಲ್ಲ. ಗೆರೆ ಮಿಲೆಯದ್ದು, ಬಣ್ಣ ಪೂರ್ತಿ ಇವನೇ ಹುಡುಕ್ಬೇಕು. ತಮ್ಮನಿಗೆ ಬರೆದ ಕಾಗದದಲ್ಲಿ ಇದೇ ಅರ್ಥದ ಮಾತಿದೆ, ಬೀಥೋವನ್ ಬರೆದದ್ದನ್ನ ಇನ್ನೊಬ್ಬ ನುಡಿಸುವಾಗ ತನ್ನದೂ ಸೇರ್ಸಲ್ವಾ, ಹಾಗೇ ಇದೂ ಅಂತ. ಆ ಹಳದಿ, ಆ ನೀಲಿ ನೋಡಿದ್ರೆ ಇದು ಯಾರದ್ದು ಅಂತ ಇವತ್ತು ಯಾರೂ ಕೇಳಲ್ಲ.

ನಿಮಗೆ ಒಂದು ಹೋಂವರ್ಕ್ (ಅಭ್ಯಾಸಬಲ, ಕ್ಷಮಿಸಿ). ಆ ಮಳೆ ಹುಡುಗಿ ಚಿತ್ರ ಒಂದನ್ನ ಹತ್ತು ನಿಮಿಷ ನೋಡಿ. ಫೋನ್ ತಗೊಂಡ್ ಹೋಗಿ ಅಡುಗೆಮನೇಲಿ ಇಡಿ. ಊಟ ಮಾಡಿ ಬನ್ನಿ. ಆಮೇಲೆ ಬಾಲ್ ಪೆನ್ನಲ್ಲಿ, ಹಾಳೆ ಮೇಲೆ, ನೆನಪಿಂದ ಬಿಡ್ಸಿ. ಐಪ್ಯಾಡ್ ಬೇಡ, ಅಳಿಸೋದು ಬೇಡ. ಮರೆತಿರೋ ಜಾಗಾನ ಖಾಲಿ ಬಿಡ್ಬೇಡಿ, ಏನ್ ತೋಚತ್ತೋ ಅದನ್ನ ತುಂಬ್ಸಿ. ಚೆನ್ನಾಗಿ ಬರಲ್ಲ, ಪರವಾಗಿಲ್ಲ. ಎಲ್ಲಿ ಮರೆತ್ರಿ, ಅಲ್ಲಿ ಏನ್ ತುಂಬಿದ್ರಿ ಅಂತ ಬಂದು ಹೇಳಿ.

---

ಫ್ರೀಲ್ಯಾನ್ಸ್_ಪರಮು:

ಎಲ್ಲ ಸರಿ, ನಾನು ಸ್ವಲ್ಪ ಕಹಿ ಮಾತಾಡ್ತೀನಿ.

ಗುರೂ, ಸ್ಟೈಲ್ ಸ್ಟೈಲ್ ಅಂತ ಒದ್ದಾಡೋದು ದುಡ್ಡಿಗೆ ಬಿಡಿಸ್ದೇ ಇರೋರ ಕಾಯಿಲೆ. ನಾನು ಹನ್ನೊಂದು ವರ್ಷದಿಂದ ಮಕ್ಕಳ ಪುಸ್ತಕಕ್ಕೆ, ಪಠ್ಯಪುಸ್ತಕಕ್ಕೆ ಬಿಡಿಸ್ತಿದೀನಿ, ನಂಗೆ ಮೂರು ಕೈ ಇದೆ, ಯಾರಿಗೆ ಯಾವ್ದು ಬೇಕೋ ಅದು ಕೊಡ್ತೀನಿ, ಇದ್ರಲ್ಲಿ ನಿಂದು ಯಾವ್ದಪ್ಪಾ ಅಂತ ಯಾರೂ ಕೇಳಿಲ್ಲ, ಕೇಳಿದ್ರೆ ನಂಗೂ ಗೊತ್ತಿಲ್ಲ. ಬಾಡಿಗೆ ಕಟ್ಟಕ್ಕೆ ಮೂರೂ ಬೇಕು.

ಆದ್ರೆ ಒಂದು ವಿಷಯ ನಿನ್ನ ಪೋಸ್ಟಲ್ಲಿ ಹಾರಿಸ್ಬಿಟ್ಟಿದ್ದೀಯ. ಆ ಅಕ್ಕ ಹಿಡಿದಿದ್ದು ಸ್ಟೈಲೋ ಅಥವಾ ಚಿತ್ರಾನೇನೋ? ಎರಡಕ್ಕೂ ಅಜಗಜಾಂತರ. ನಮ್ಮ 1957ರ ಕಾಪಿರೈಟ್ ಕಾಯ್ದೇಲಿ ಸ್ಟೈಲಿಗೆ, ಐಡಿಯಾಗೆ ರಕ್ಷಣೆ ಇಲ್ಲ, ಮಳೇಲಿ ಕಿಟಕಿ ಪಕ್ಕ ಹುಡುಗಿ ಅನ್ನೋದನ್ನ ಯಾರು ಬೇಕಾದ್ರೂ ಬಿಡಿಸ್ಬಹುದು. ಆದ್ರೆ ಒಬ್ರು ಅದನ್ನ ಹೇಗೆ ಬಿಡಿಸಿದಾರೋ ಆ ರೂಪಕ್ಕೆ ಹಕ್ಕು ಇದೆ. 1978ರಲ್ಲಿ ಆರ್.ಜಿ. ಆನಂದ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಸುಮಾರಾಗಿ ಅದೇ, ನಾಟಕದೋರು ಸಿನಿಮಾದೋರ ಮೇಲೆ ಹಾಕಿದ್ದ ಕೇಸು ಅದು. ವಿಷಯ ಒಂದೇ ಆದ್ರೂ ನಡೆಸಿಕೊಂಡು ಹೋದ ರೀತಿ ಬೇರೆ ಇದ್ರೆ ಅದು ಕದ್ದಂಗಲ್ಲ, ಸಿನಿಮಾದೋರು ಗೆದ್ರು.

2025ರ ಮಾರ್ಚಲ್ಲಿ ಎಲ್ರೂ ತಮ್ಮ ಮದುವೆ ಫೋಟೋನ ಎಐಗೆ ಹಾಕಿ ಜಪಾನಿ ಕಾರ್ಟೂನ್ ಮಾಡ್ಕೊಂಡ್ರಲ್ಲ, ಗಿಬ್ಲಿ ಗಿಬ್ಲಿ ಅಂತ, ನಮ್ ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪನೂ ಹಾಕಿದ್ರು. ಬರೀ ನೋಟಕ್ಕೆ ಇರೋ ಬೆಲೆ ಅವತ್ತೇ ಗೊತ್ತಾಯ್ತು, ಒಂದು ನಿಮಿಷದ ಕೆಲಸ. ಅದ್ರಿಂದ ಒಂದು "ಲುಕ್" ಮಾಡ್ಕೊಂಡ್ಬಿಟ್ರೆ ಒರಿಜಿನಲ್ ಆಗ್ಬಿಟ್ಟೆ ಅಂತಾನೂ ಅಂದ್ಕೋಬೇಡ.

ನಿಜ ಹೇಳು, ಆ ಹನ್ನೆರಡರಲ್ಲಿ ಎಷ್ಟು ನೇರ ಅವರ ಚಿತ್ರ ಇಟ್ಕೊಂಡು ಮಾಡಿದ್ದು?

---

ಅರೆಬರೆ_ಗೀಚು:

@ಫ್ರೀಲ್ಯಾನ್ಸ್_ಪರಮು ಅಣ್ಣ ಹಿಡಿದ್ಬಿಟ್ರಿ. ಮೂರು. ಹುಡುಗಿಗೆ ಸೀರೆ ಉಡಿಸಿದ್ದೆ, ಬೆಕ್ಕಿನ ಬದ್ಲು ನಾಯಿ ಹಾಕಿದ್ದೆ, ಅಷ್ಟಕ್ಕೇ ನಂದಾಯ್ತು ಅನ್ಕೊಂಡಿದ್ದೆ. ಕಿಟಕಿ, ಕೊಡೆ, ಬೆಳಕು ಬರೋ ದಿಕ್ಕು ಎಲ್ಲ ಅದೇ. ಅಕ್ಕ ಎತ್ಕೊಂಡಿದ್ದೂ ಅದ್ರಲ್ಲಿ ಒಂದನ್ನೇ.

---

ಫ್ರೀಲ್ಯಾನ್ಸ್_ಪರಮು:

ಹ್ಮ್. ಆ ಮೂರನ್ನ ಮಾರೋದು ನಿಲ್ಸು, ಇನ್‌ಸ್ಟಾದಲ್ಲಿ ಹಾಕಿದ್ರೆ ತೆಗಿ, ಅಥವಾ ಯಾರನ್ನ ನೋಡಿ ಅಭ್ಯಾಸ ಮಾಡಿದ್ದು ಅಂತ ಅವ್ರ ಹೆಸ್ರು ಬರಿ. ಒಪ್ಕೊಂಡೆ ನೋಡು, ಅದು ಒಳ್ಳೇದು. ಮಿಕ್ಕ ಒಂಬತ್ತಕ್ಕೆ ತಲೆ ಕೆಡಿಸ್ಕೋಬೇಡ.

---

ಸಾಧನಕೇರಿ_ಸಂಜಿ:

ನಾ ಚಿತ್ರದಾಂವ ಅಲ್ಲ ತಮ್ಮಾ, ಹಾಡಾಂವ, ಅದೂ ಮನ್ಯಾಗ ಅಷ್ಟ. ಆದ್ರ ಇದನ್ನ ಓದಿ ಸುಮ್ಕ ಕೂಡಲಿಕ್ಕೆ ಆಗ್ಲಿಲ್ಲ, ಯಾಕಂದ್ರ ಧಾರವಾಡದಾಗ ಈ ಪ್ರಶ್ನಿ ಚಹಾದಂಗಡಿಯೊಳಗ ದಿನಾ ನಡೀತದ.

ನಮ್ಮ ಹಾಡಿಕ್ಯಾಗ ನಕಲ ಮಾಡೂದಂದ್ರ ಅವಮಾನ ಅಲ್ಲ, ಅದು ತಾಲೀಮು. ಗುರುಗಳು ಹಾಡಿದ ತಾನ ಹಂಗ ಗಂಟಲದಾಗ ಇಳೀಬೇಕಂದ್ರ ವರ್ಷಗಟ್ಟಲೆ ಬೇಕು. ಮಲ್ಲಿಕಾರ್ಜುನ ಮನ್ಸೂರರನ್ನ ನೋಡ್ರಿ, ಮೊದಲ ಮಿರಜದ ನೀಲಕಂಠಬುವಾ ಅವರ ಹತ್ರ ಗ್ವಾಲಿಯರ್ ಘರಾಣೆ (ಘರಾಣೆ ಅಂದ್ರ ಗುರು ಶಿಷ್ಯರ ಪರಂಪರಿಯಿಂದ ಬಂದ ಹಾಡಿಕಿ ಪದ್ಧತಿ) ಕಲಿತ್ರು, ಆಮ್ಯಾಲ ಮಂಜಿಖಾನರ ಹತ್ರ ಜೈಪುರ ಅತ್ರೌಲಿ ಘರಾಣೆ, ಅವರು ತೀರಿಕೊಂಡ ಮ್ಯಾಲ ಅವರ ತಮ್ಮ ಬುರ್ಜಿಖಾನರ ಹತ್ರ. ಇಷ್ಟು ಮಂದಿ ಕೂತಾರ ಆ ಗಂಟಲದಾಗ, ಆದ್ರ ರೇಡಿಯೋ ಹಚ್ಚಿದ್ರ ಅರ್ಧ ನಿಮಿಷದಾಗ ಇದು ಮನ್ಸೂರರು ಅಂತ ಹೇಳಬಹುದು.

ಇನ್ನ ಕುಮಾರ ಗಂಧರ್ವರ ಕತಿ ನಿಮಗ ಭಾಳ ಹತ್ರದ್ದು. 1924ರಾಗ ಬೆಳಗಾವಿ ಜಿಲ್ಲಾದ ಸುಳೇಭಾವಿಯೊಳಗ ಹುಟ್ಟಿದ ಹುಡುಗ, ಹೆಸರು ಶಿವಪುತ್ರ. ಸಣ್ಣಂವ ಇದ್ದಾಗ ಗ್ರಾಮಾಫೋನ್ ರೆಕಾರ್ಡ್ ಕೇಳಿ ದೊಡ್ಡ ದೊಡ್ಡ ಗಾಯಕರನ್ನ ಇದ್ದಂಗ ಹಾಡಿ ತೋರಿಸ್ತಿದ್ದ, ಮಂದಿ ಮೂಗಿನ ಮ್ಯಾಲ ಬೆರಳು ಇಡ್ತಿದ್ರು. ಅಂದ್ರ ಶುರುವಾತು ಪಕ್ಕಾ ನಕಲಿನಿಂದನ! ಮುಂದ ಮುಂಬೈಯೊಳಗ ಬಿ.ಆರ್. ದೇವಧರ ಅವರ ಹತ್ರ ಕಲಿತ್ರು. ಹೆಸರು ಬಂದು ನಿಂತ ಹೊತ್ತಿನ್ಯಾಗ, 1947ರ ಸುಮಾರಿಗೆ, ಕ್ಷಯ ಬಡೀತು. ಮಾಳವಾದ ದೇವಾಸದಾಗ ವರ್ಷಗಟ್ಟಲೆ ಹಾಸಿಗಿ, ಹಾಡಂಗಿಲ್ಲ ಅಂತ ಡಾಕ್ಟರ್ ಅಪ್ಪಣೆ. ಮಲಕೊಂಡಾಂವ ಏನ ಮಾಡಬೇಕು, ಕಿಟಕಿಯಾಚೆ ಹೆಣ್ಮಕ್ಕಳು, ಭಿಕ್ಷಾ ಬೇಡೋರು ಹಾಡೂದನ್ನ ಕೇಳಿದ್ರು.

ಈಗ ಆ ಬೋರ್ಡಿನ ಮಾವನ ಮಾತಿಗೆ ಬರ್ತೇನಿ. ಜನಪದ ಹಾಡು ಅಂದ್ರ ನಾಕೈದು ಸ್ವರದಾಗ ಮುಗೀತು. ರಾಗ ಅಂದ್ರ ತಾಸುಗಟ್ಟಲೆ ಬೆಳಸಬೇಕು. ನಡುವಿನ ಆ ಸ್ವರಗಳು ಆ ಹಾಡಿನ್ಯಾಗ ಇಲ್ಲ, ಯಾವ ಘರಾಣೆದಾಗೂ ಇಲ್ಲ. ಎದ್ದು ಮತ್ತ ಹಾಡಲಿಕ್ಕೆ ಹತ್ತಿದ ಮ್ಯಾಲ ಕುಮಾರರು ಆ ಜನಪದ ಹಾಡಿನ ಧಾಟಿಗಳೊಳಗಿಂದ ಹೊಸಾ ರಾಗ ತಗದ್ರಲ್ಲ, ಆ ಖಾಲಿ ಜಾಗಾ ತುಂಬಿದ್ದು ಅವರ ಸ್ವಂತದ್ದು. ರೆಕಾರ್ಡ್ ಕೇಳಿ ಹಾಡೂ ಮುಂದ ಅಂಥಾ ಖಾಲಿ ಜಾಗಾ ಇರಲಿಲ್ಲ, ಎಲ್ಲಾ ಅದರಾಗ ಇತ್ತು.

ಹಿಂಗಂತ ಬ್ಯಾನಿ ಬಿದ್ರ ಸ್ಟೈಲ್ ಬರ್ತದ ಅಂತ ಅಲ್ಲಪಾ ಮತ್ತ, ಔಷಧ ತಗೋ, ಆರಾಮ ಇರು.

---

ಸಫೇದ_ಮೈಸೂರು:

ತಡವಾಗಿ ಬಂದೆ. ನಾನು ಮೈಸೂರು ಶೈಲಿ ಚಿತ್ರ ಬರೆಯೋಳು, ನಮ್ಮಲ್ಲಿ ಈ ಪ್ರಶ್ನೆ ತಲೆಕೆಳಗು. ಹೊಸದು ಮಾಡಿದ್ರೆ ತಪ್ಪು! ದೇವರ ಕೈಲಿ ಏನಿರಬೇಕು, ಮೈಬಣ್ಣ ಏನು, ಎಷ್ಟು ಕೈ, ಯಾವ ವಾಹನ ಎಲ್ಲ ಧ್ಯಾನಶ್ಲೋಕದಲ್ಲಿದೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿ ಅನ್ನೋ ಗ್ರಂಥದಲ್ಲಿ ಪಟ್ಟಿ ಮಾಡಿಟ್ಟಿದಾರೆ. ಸಫೇದ ಅನ್ನೋ ಬಿಳಿ ಪುಡೀನ ಗೋಂದಿನ ಜೊತೆ ಅರೆದು ಬ್ರಷ್ಷಲ್ಲಿ ಪದರ ಪದರವಾಗಿ ಎತ್ತಿ, ಅದರ ಮೇಲೆ ಚಿನ್ನದ ರೇಕು ಕೂರಿಸೋದು, ತಂಜಾವೂರಿನ ಥರ ದಪ್ಪ ಎದ್ದು ಕಾಣಬಾರ್ದು, ತೆಳ್ಳಗಿರ್ಬೇಕು, ಒಡವೆಯ ಎಳೆ ಎಳೆ ಕಾಣ್ಬೇಕು. ಇದ್ರಲ್ಲಿ "ನನ್ನತನ" ಎಲ್ಲಿ ತೂರಿಸ್ತೀರಿ?

ಆದ್ರೂ ನಮ್ಮ ಕ್ಲಾಸಲ್ಲಿ ಆರು ಜನ ಒಂದೇ ಸ್ಕೆಚ್ ಇಟ್ಕೊಂಡು ಒಂದೇ ಸರಸ್ವತಿ ಬರೆದ್ವಿ, ಗೋಡೆಗೆ ಒರಗಿಸಿಟ್ರೆ ಆರು ಬೇರೆ ಬೇರೆ ಹೆಂಗಸರು. ನನ್ನ ಸರಸ್ವತಿಗೆ ಸ್ವಲ್ಪ ನಿದ್ದೆಗಣ್ಣು. ಮೇಷ್ಟ್ರು ನೋಡಿ "ನಿಮ್ಮಮ್ಮನ್ನ ಕೂರಿಸಿದ್ಯಲ್ಲಮ್ಮ" ಅಂದ್ರು, ಅಮ್ಮನ್ನ ಅವ್ರು ಒಂದೇ ಸಲ ನೋಡಿದ್ದು, ಫೀಸ್ ಕಟ್ಟೋಕೆ ಬಂದಾಗ. ಶ್ಲೋಕ ಕೈ ಎಷ್ಟು ಅಂತ ಹೇಳತ್ತೆ, ರೆಪ್ಪೆ ಎಷ್ಟು ಇಳಿದಿರಬೇಕು ಅಂತ ಹೇಳಲ್ಲ.

ಹಾಗಾಗಿ ನಂಗೆ ಪರಮು ಅವ್ರ ಮಾತು ಅರ್ಧ ಒಪ್ಪಿಗೆ, ಅರ್ಧ ಇಲ್ಲ. ಮೂರು ಕೈ ಇದೆ ಅಂತಾರೆ, ಮೂರನ್ನೂ ಪಕ್ಕ ಪಕ್ಕ ಇಟ್ಟು ಬರೀ ಕಿವಿಗಳನ್ನ ನೋಡ್ಲಿ, ಮೂರಲ್ಲೂ ಒಂದೇ ಕಿವಿ ಇರತ್ತೆ, ಪಂದ್ಯ.

---

ಫ್ರೀಲ್ಯಾನ್ಸ್_ಪರಮು:

ಈಗ ಹಳೇ ಫೈಲ್ ತೆಗೆದು ನೋಡ್ದೆ. ಕಿವಿ ಬೇರೆ ಬೇರೆ ಇದೆ. ಮಂಡಿ ಒಂದೇ ಥರ ಇದೆ. ಥೂ.

---

ಅರೆಬರೆ_ಗೀಚು:

ಮೇಡಂ ಹೋಂವರ್ಕ್ ಮಾಡ್ದೆ. ಮೂರು ರಾತ್ರಿ, ಮೂರು ಸಲ.

ಮೊದಲ್ನೇ ದಿನ ಕೈ ನಡುಗ್ತು, ಅಂಡೂ ಬಟನ್ ಇಲ್ಲದೆ ನಾಲ್ಕು ವರ್ಷದಲ್ಲಿ ಗೆರೆ ಎಳೆದೇ ಇಲ್ಲ ನಾನು. ಹುಡುಗಿ ಮುಖ ಸುಮಾರಾಗಿ ನೆನಪಿತ್ತು, ಕೊಡೆ ನೆನಪಿತ್ತು, ಕೆಳಗಡೆ ಏನಿತ್ತು ಅಂತ ಎಷ್ಟ್ ತಲೆ ಕೆರ್ಕೊಂಡ್ರೂ ಹೊಳೀಲಿಲ್ಲ. ಖಾಲಿ ಬಿಡ್ಬೇಡಿ ಅಂದಿದ್ರಲ್ಲ ಅಂತ ಊರಿನ ನಮ್ಮಜ್ಜಿ ಮನೆ ಜಗಲಿ ಹಾಕ್ದೆ, ಹಂಚಿನ ಸೂರಿಂದ ನೀರು ಬೀಳೋ ಕಡೆ ನೆಲದಲ್ಲಿ ಗುಳಿ ಬಿದ್ದಿರತ್ತೆ ನೋಡಿ, ಸಾಲಾಗಿ, ಅದನ್ನ ಹಾಕ್ದೆ. ಅದ್ರ ಪಕ್ಕ ಚಪ್ಪಲಿ. ನೆನೀಬಾರ್ದು ಅಂತ ಗೋಡೆಗೆ ಒತ್ತರಿಸಿಟ್ಟಿರೋ ಚಪ್ಪಲಿ, ಒಂದ್ರ ಬಾರು ಕಿತ್ತಿದೆ, ಪಿನ್ ಹಾಕಿದೆ, ಒಂದು ಮಕ್ಕಳದ್ದು. ಒಂದು ಗಂಟೆ ಬರೀ ಚಪ್ಪಲೀನೇ ಬಿಡಿಸ್ತಿದ್ದೆ, ಟೈಮ್ ಹೋಗಿದ್ದೇ ಗೊತ್ತಾಗ್ಲಿಲ್ಲ. ಎರಡನೇ ದಿನ ಹುಡುಗಿ ಚಿಕ್ಕವಳಾದ್ಲು, ಜಗಲಿ ದೊಡ್ಡದಾಯ್ತು. ಮೂರನೇ ದಿನ ಹುಡುಗೀನೇ ಇಲ್ಲ, ಒಳಗಡೆ ಹೋಗಿದಾಳೆ ಅನ್ಸತ್ತೆ, ಕೊಡೆ ಮಾತ್ರ ಬಾಗ್ಲಿಗೆ ಒರಗಿಸಿದೆ, ನೀರು ಇಳೀತಿದೆ.

ಆಮೇಲೆ ಕಾಲೇಜಿನ ಹಳೇ ನೋಟ್‌ಬುಕ್ ತೆಗೆದು ಹಿಂದಿನ ಹಾಳೆಗಳನ್ನ ನೋಡ್ದೆ, ಬೋರ್ ಆದಾಗ ಗೀಚ್ತಿದ್ವಲ್ಲ ಅಲ್ಲಿ. ಅಲ್ಲೂ ಚಪ್ಪಲಿ! ಬೆಂಚ್ ಕೆಳಗಿನ ಕಾಲುಗಳು, ಲೆಕ್ಚರರ್ ಶೂ. ಇದು ಸ್ಟೈಲಾ ಅಂತ ಕೇಳಿದ್ರೆ ಗೊತ್ತಿಲ್ಲ, ಗೆರೆ ಇನ್ನೂ ಅವ್ರ ಥರಾನೇ ಬಾಗತ್ತೆ, ಅದು ನಂಗೇ ಕಾಣ್ತಿದೆ. ಆ ಮೂರು ಪ್ರಿಂಟ್ ತೆಗೆದಿದೀನಿ.

ಮೂರನೇ ದಿನದ್ದರ ಫೋಟೋ ಹಾಕಿದೀನಿ, ಬೈಯಿರಿ.

---

ಡ್ರಾಯಿಂಗ್_ಮೇಡಂ:

ಬೈಯಲ್ಲ. ಕೊಡೆಯಿಂದ ಇಳಿದ ನೀರು ಹೊಸಿಲು ದಾಟೋ ಕಡೆ ಗೆರೆ ಹೆದರ್ಕೊಂಡಿದೆ, ಅಲ್ಲಿ ನಿಂತು ನಿಂತು ಎಳೆದಿದ್ದೀರಿ. ಚಪ್ಪಲಿ ಕಡೆ ಹಾಗಿಲ್ಲ. ಎಣಿಸಿದೆ, ಒಂಬತ್ತಿದೆ. ಬೇಕಂತ್ಲೇ ಒಂಬತ್ತು ಮಾಡಿದ್ರಾ?

---

ಅರೆಬರೆ_ಗೀಚು:

ಅಯ್ಯೋ ಇಲ್ಲ ಮೇಡಂ, ನಾನು ಎಣಿಸೇ ಇಲ್ಲ. ಒಂದು ಎಲ್ಲೋಯ್ತು ಹಾಗಾದ್ರೆ?

---

ಅಳಿಯ_ದುರ್ಗ:

ನಾಯಿ ಕಚ್ಕೊಂಡ್ ಹೋಗಿರತ್ತೆ ಬ್ರೋ. ನಾಳೆ ಅದನ್ನ ಬಿಡ್ಸಿ.